ನ್ಯೂಯರರ ಪುಸ್ತಕ, ವಡಗೇರಾದ ತಕರಾರು

2010ರ ಜನವರಿಯಲ್ಲಿ ಸಂಶೋಧನೆಗೆಂದು ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದಾಗ ನನ್ನ ಚೀಲದಲ್ಲಿ ಎರಡು ಪುಸ್ತಕಗಳಿದ್ದವು. ಒಂದು, ಆಗಿನ ಸುಡಾನಿನ ದಕ್ಷಿಣ ಭಾಗದ ನ್ಯೂಯರ್ ಎಂಬ ದನಗಾಹಿ ಜನರ ಬಗ್ಗೆ ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ 1940ರಲ್ಲಿ ಪ್ರಕಟಿಸಿದ್ದು. ಇನ್ನೊಂದು, ಆಫ್ರಿಕದ ಕಟ್ಟಳೆ ಮತ್ತು ಕಲಹಗಳ ಮೇಲೆ ಮ್ಯಾಕ್ಸ್ ಗ್ಲಕ್‌ಮನ್ ಬಿಬಿಸಿ ರೇಡಿಯೋದಲ್ಲಿ ಮಾಡಿದ ಭಾಷಣಗಳು 1955ರಲ್ಲಿ ಪುಸ್ತಕವಾದದ್ದು. ರಾಜನಿಲ್ಲದ, ಪೊಲೀಸರಿಲ್ಲದ ಊರುಗಳಲ್ಲಿ ಜಗಳ ಹೇಗೆ ಹುಟ್ಟುತ್ತದೆ, ಹೇಗೆ ತಣಿಯುತ್ತದೆ ಎಂದು ತಿಳಿಯಬೇಕಾದವರು ಈ ಎರಡನ್ನು ದಾಟಿ ಹೋಗುವಂತಿಲ್ಲ.

ಆಫ್ರಿಕದ ಪುಸ್ತಕಕ್ಕೂ ಕರ್ನಾಟಕದ ಹಳ್ಳಿಗೂ ಹಳೆಯ ನಂಟಿದೆ. ಎಂ.ಎನ್. ಶ್ರೀನಿವಾಸ್ ಆಕ್ಸ್‌ಫರ್ಡಿನಲ್ಲಿ ಇದೇ ಇವಾನ್ಸ್-ಪ್ರಿಚರ್ಡರ ಬಳಿ ಓದಿ ಬಂದು 1948ರಲ್ಲಿ ಮೈಸೂರು ಸೀಮೆಯ ರಾಂಪುರದಲ್ಲಿ ಕೂತರು. ಗ್ಲಕ್‌ಮನ್ ಇದ್ದ ಮ್ಯಾಂಚೆಸ್ಟರಿನಿಂದ ಸ್ಕಾರ್ಲೆಟ್ ಎಪ್‌ಸ್ಟೀನ್ 1954ರಲ್ಲಿ ಮಂಡ್ಯಕ್ಕೆ ಬಂದರು. ಮೈಸೂರಿನವನಾದ ನಾನು ಆ ದಾರಿಯನ್ನು ಭೀಮಾ-ಕೃಷ್ಣೆಯರ ನಡುವಿನ ವಡಗೇರಾದವರೆಗೆ ಎಳೆದು ತರುತ್ತೇನೆ ಎಂದುಕೊಂಡಿದ್ದೆ. ಆಗ ಅದು ಶಹಾಪುರ ತಾಲ್ಲೂಕಿಗೆ ಸೇರಿತ್ತು, ತಾಲ್ಲೂಕಾದದ್ದು ಆಮೇಲೆ.

ಎಳೆದು ತಂದೆನೋ, ಎಡವಿ ಬಿದ್ದೆನೋ ಎನ್ನುವುದಕ್ಕೆ ಈ ಹತ್ತು ಪಾಠಗಳೇ ಸಾಕ್ಷಿ. ನಾನು ಕೂತ ಊರಿನ ಹೆಸರು ಇಲ್ಲಿ ಹೇಳುವುದಿಲ್ಲ. ಹಿಂದೊಮ್ಮೆ ಹೆಸರು ಬದಲಿಸಿ ಬರೆದಿದ್ದೆ. ಹೋಟೆಲಿನ ಮುಂದಿನ ಬೇವಿನ ಮರವನ್ನು ಬದಲಿಸಲು ಮರೆತಿದ್ದೆ. ಲೇಖನದ ಫೋಟೊ ಒಂದೇ ದಿನದಲ್ಲಿ ಊರೆಲ್ಲ ತಿರುಗಿತು.

1. "ಜಗಳ ಆಗ್ತವಾ?" ಎಂದು ಕೇಳಿದವನಿಗೆ ಚಹಾ ಸಿಗುತ್ತದೆ, ಉತ್ತರ ಸಿಗುವುದಿಲ್ಲ.

ಮೊದಲ ದಿನವೇ ಆ ಬೇವಿನ ಮರದ ಹೋಟೆಲಿನಲ್ಲಿ ಕೂತು ನೋಟ್‌ಬುಕ್ ಬಿಚ್ಚಿ, "ನಿಮ್ಮೂರಲ್ಲಿ ಜಗಳ ಜಾಸ್ತಿನಾ?" ಎಂದೆ. ಬೆಂಚಿನ ಮೇಲಿದ್ದ ನಾಲ್ವರಲ್ಲಿ ಇಬ್ಬರು ಎದ್ದು ಹೋದರು. ಒಬ್ಬರು ಪೇಪರು ಎತ್ತಿಕೊಂಡರು. ಹೋಟೆಲಿನವರು ಚಹಾದ ಕಪ್ಪು ಇಟ್ಟು, "ಹೊಸ ಜಿಲ್ಲಾ ಆಗ್ಯಾದ. ನೀವು ಯಾವ ಇಲಾಖ್ಯಾವ್ರು ಸರ?" ಎಂದರು. 2009ರ ಡಿಸೆಂಬರ್ 30ಕ್ಕೆ ಯಾದಗಿರಿ ಕಲಬುರಗಿಯಿಂದ ಬೇರೆ ಜಿಲ್ಲೆಯಾಗಿತ್ತು. ಹೊಸ ಆಫೀಸು, ಹೊಸ ಸರ್ವೆ, ಹೊಸ ಪಟ್ಟಿಗಳ ಕಾಲ. ಪೆನ್ನು ಹಿಡಿದು ಬಂದವರೆಲ್ಲ ಸರ್ಕಾರದವರೇ.

ಇವಾನ್ಸ್-ಪ್ರಿಚರ್ಡರಿಗೂ ಹೀಗೇ ಆಗಿತ್ತು. ಬ್ರಿಟಿಷ್ ಸರ್ಕಾರ ನ್ಯೂಯರರ ಮೇಲೆ ಪಡೆ ಕಳಿಸಿ, ವಿಮಾನದಿಂದ ಬಾಂಬು ಹಾಕಿ ಹೆಚ್ಚು ಕಾಲವಾಗಿರಲಿಲ್ಲ. ಅದೇ ಸರ್ಕಾರದ ದುಡ್ಡಿನಲ್ಲಿ ಇವರು ಹೋಗಿ ಕೂತಿದ್ದರು. ಹೆಸರು ಕೇಳಿದರೂ ಯಾರೂ ಸರಿಯಾಗಿ ಹೇಳುತ್ತಿರಲಿಲ್ಲವಂತೆ. ಪುಸ್ತಕದಲ್ಲಿ ಅದನ್ನು ಓದಿ ನಕ್ಕಿದ್ದೆ. ಬೆಂಚಿನ ಮೇಲೆ ಒಬ್ಬನೇ ಉಳಿದಾಗ ನಗು ಬರಲಿಲ್ಲ. ಆಮೇಲಿನ ಎರಡು ತಿಂಗಳು ಜಗಳದ ಮಾತೇ ಎತ್ತದೆ ಹತ್ತಿಯ ರೇಟು, ಕಾಲುವೆ ನೀರು, ಬೆಂಗಳೂರಿಗೆ ಗುಳೆ ಹೋದವರ ಫೋನು, ಯಾರ ಮಗಳನ್ನು ಯಾವ ಊರಿಗೆ ಕೊಟ್ಟಿದ್ದಾರೆ ಎಂಬುದನ್ನಷ್ಟೇ ಕೇಳಿದೆ. ಊರಿನ ತಕರಾರುಗಳೆಲ್ಲ ಅದರೊಳಗೇ ಇದ್ದವು.

2. ಬಾಡಿಗೆ ಕೋಣೆ ಹಿಡಿಯುವ ಮೊದಲು ಓಣಿ ನೋಡಿ.

ಒಳ್ಳೆಯ ಗಾಳಿ ಬರುತ್ತದೆಂದು ಒಂದು ಕೋಣೆ ಹಿಡಿದೆ. ಗಾಳಿಯ ಜೊತೆ ಒಂದು ಪಾರ್ಟಿಯೂ ಬಂತು. ಆ ಓಣಿಯಲ್ಲಿ ಮಲಗುವವನು ಆ ಓಣಿಯ ಮನುಷ್ಯ ಎಂಬುದನ್ನು ನನಗೆ ಯಾರೂ ಹೇಳಲಿಲ್ಲ, ಏಕೆಂದರೆ ಅದು ಹೇಳುವಂಥ ಮಾತೇ ಅಲ್ಲ. ಆಚೆ ಓಣಿಯವರು ನನಗೆ ರೊಟ್ಟಿ, ಪುಂಡಿಪಲ್ಯ ಬಡಿಸಿದರು, ಮಳೆಯ ಬಗ್ಗೆ ಮಾತಾಡಿದರು, ನಗುನಗುತ್ತಾ ಕಳಿಸಿಕೊಟ್ಟರು. ನಾಲ್ಕು ತಿಂಗಳು ಅದನ್ನೇ ಆತ್ಮೀಯತೆ ಎಂದು ಬರೆದುಕೊಂಡೆ.

"ಪಾರ್ಟಿ" ಎಂಬ ಮಾತಿನಲ್ಲೂ ಮೋಸಹೋದೆ. 2010ರ ಮೇ ತಿಂಗಳಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬಂತು. "ಊರಾಗ ಎರಡು ಪಾರ್ಟಿ ಅದಾವ್ರಿ" ಎಂದು ಎಲ್ಲರೂ ಹೇಳಿದ್ದರಿಂದ ನಾನು ದೊಡ್ಡ ಹಾಳೆಯ ಮೇಲೆ ಕಾಂಗ್ರೆಸ್, ಬಿಜೆಪಿ ಎಂದು ಗೆರೆ ಎಳೆದು ಮನೆ ಮನೆಯನ್ನೂ ತುಂಬತೊಡಗಿದೆ. ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ಆ ಎರಡು ಪಾರ್ಟಿಗಳು ಆ ಪಕ್ಷಗಳಿಗಿಂತ ಹಳೆಯವು. ಪಕ್ಷಗಳು ಬಂದಾಗ ಇವರು ಒಂದೊಂದನ್ನು ಹಂಚಿಕೊಂಡಿದ್ದರು, ಎರಡು ಸಲ ಅದಲು ಬದಲೂ ಮಾಡಿಕೊಂಡಿದ್ದರು. ಆ ಹಾಳೆ ಈಗಲೂ ನನ್ನ ಬಳಿ ಇದೆ. ಹಿಂಬದಿಯಲ್ಲಿ ಕಿರಾಣಿ ಲೆಕ್ಕವಿದೆ.

3. ಸಿಕ್ಕ ಮೊದಲ ಹಿರಿಯರನ್ನು ಚಿರತೆ ತೊಗಲಿನ ಗುರು ಮಾಡಬೇಡಿ.

ನ್ಯೂಯರರಲ್ಲಿ ಕೊಲೆ ಮಾಡಿದವನು ಚಿರತೆ ತೊಗಲು ಹೊದ್ದ ಒಬ್ಬ ಮನುಷ್ಯನ ಮನೆಗೆ ಓಡುತ್ತಾನೆ. ಅಲ್ಲಿ ಅವನನ್ನು ಯಾರೂ ಮುಟ್ಟುವಂತಿಲ್ಲ. ತೊಗಲಿನವನು ಎರಡೂ ಕಡೆ ಓಡಾಡಿ, ನಲವತ್ತರ ಆಸುಪಾಸು ದನಗಳಿಗೆ ಮಾತು ಕುದುರಿಸಿ, ಸೇಡನ್ನು ತಡೆಯುತ್ತಾನೆ. ಅವನ ಕೈಯಲ್ಲಿ ದಂಡವಿಲ್ಲ, ಸೈನ್ಯವಿಲ್ಲ. ಮಾತಿದೆ, ಶಾಪದ ಹೆದರಿಕೆಯಿದೆ.

ಊರಿನಲ್ಲಿ ಬಿಳಿ ರುಮಾಲಿನ ಹಿರಿಯರೊಬ್ಬರು ಎಲ್ಲ ತಕರಾರಿಗೂ ಹೋಗಿ ಕೂರುತ್ತಿದ್ದರು. ಸರಿ, ಸಿಕ್ಕರು ಎಂದುಕೊಂಡೆ. ಅವರ ಬಗ್ಗೆ ನಲವತ್ತು ಪುಟ ಬರೆದೆ. ಒಂದು ಮಧ್ಯಾಹ್ನ ಅವರೇ ವಿವರಿಸಿದರು: ತಾವು ತಕರಾರಿಗೆ ಹೋಗುವುದು ಎರಡೂ ಕಡೆಯವರಿಗೆ ಸಾಲ ಕೊಟ್ಟಿರುವುದರಿಂದ, ಇಬ್ಬರೂ ಕೋರ್ಟಿಗೆ ಬಿದ್ದರೆ ತಮ್ಮ ದುಡ್ಡು ಮುಳುಗುತ್ತದೆ. "ನನ್ನ ತೊಗಲು ನಾ ಉಳಿಸ್ಕೊಳ್ಳಾಕ ಹೋಗ್ತೀನ್ರಿ" ಎಂದು ನಕ್ಕರು. ಚಿರತೆಯ ಸುದ್ದಿ ಅವರಿಗೆ ನಾನು ಹೇಳಿರಲಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ಬೇರೆ ಇತ್ತು. ನ್ಯೂಯರರದು ಸರ್ಕಾರವಿಲ್ಲದ ಸಮಾಜ ಎಂದು ಆ ಪುಸ್ತಕ ಹೇಳುತ್ತದೆ. ನಮ್ಮದು ಹಾಗಲ್ಲ. ಸುರಪುರದ ನಾಯಕರು, ನಿಜಾಮರು, ಪೊಲೀಸ್ ಪಟೇಲರು, ಠಾಣೆ, ಕೋರ್ಟು, ಎಲ್ಲವೂ ಈ ನೆಲದ ಮೇಲೆ ನಡೆದುಹೋಗಿವೆ. ಜಗಳದ ಮಾತುಗಳನ್ನೇ ನೋಡಿ: ತಕರಾರು, ಫಿರ್ಯಾದಿ, ಜಾಮೀನು, ಪಂಚನಾಮೆ, ರಾಜಿ. ಎಲ್ಲವೂ ದಫ್ತರಿನಿಂದ ಓಣಿಗೆ ಬಂದವು. ಆಮೇಲೆ ನ್ಯೂಯರರ ಬಳಿ ಎಂಬತ್ತರ ದಶಕದಿಂದ ಹೋಗಿಬಂದ ಶಾರನ್ ಹಚಿನ್ಸನ್ ಕೂಡ ಇದನ್ನೇ ಕಂಡರು. ಬಂದೂಕು ಬಂದಿತ್ತು, ಅಂತರ್ಯುದ್ಧ ನಡೆದಿತ್ತು. ಸರ್ಕಾರದ ಯುದ್ಧದಲ್ಲಿ ಕೊಂದರೆ ಮೈಲಿಗೆ ತಟ್ಟುವುದಿಲ್ಲ, ಶುದ್ಧಿ ಬೇಕಿಲ್ಲ ಎಂದು ದಳಪತಿಗಳು ಹುಡುಗರಿಗೆ ಹೇಳುತ್ತಿದ್ದರು. ಅದನ್ನು ಓದಿದ ಮೇಲೆ, ನಮ್ಮೂರಿನಲ್ಲಿ ಪದೇ ಪದೇ ಕೇಳಿದ್ದ ಒಂದು ಮಾತಿನ ಭಾರ ಗೊತ್ತಾಯಿತು: "ಅದು ಎಲೆಕ್ಷನ್ ಜಗಳರಿ, ಅದರ ಲೆಕ್ಕ ಬ್ಯಾರೆ." ಬದುವಿನ ಜಗಳಕ್ಕೆ ಹಿರಿಯರಿದ್ದರು. ಎಲೆಕ್ಷನ್ ಜಗಳಕ್ಕೆ ಇದ್ದವರು ವಕೀಲರು ಮಾತ್ರ.

4. ಎಫ್‌ಐಆರ್ ಎಣಿಸಿದರೆ ಜಗಳ ಎಣಿಸಿದಂತಲ್ಲ.

ಅಂಕಿ-ಅಂಶವಿಲ್ಲದೆ ವಿಶ್ವವಿದ್ಯಾಲಯ ಒಪ್ಪುವುದಿಲ್ಲವೆಂದು ಎಫ್‌ಐಆರ್ ಪ್ರತಿಗಳನ್ನು ಗುಡ್ಡೆ ಹಾಕಿಕೊಂಡು ಕೂತೆ. ಯಾರು ಯಾರಿಗೆ ಏನೆಂದು ಬೈದರು, ಎಲ್ಲಿಗೆ ಹೊಡೆದರು ಎಂದು ಕೋಷ್ಟಕ ಮಾಡಿದೆ. ಎಲ್ಲರೂ ಎಲ್ಲರನ್ನೂ "ಅವಾಚ್ಯ ಶಬ್ದಗಳಿಂದ ಬೈದು, ಕೈಯಿಂದ ಹೊಡೆದು, ಜೀವದ ಬೆದರಿಕೆ ಹಾಕಿ" ಬಿಟ್ಟಿದ್ದರು. ಕಲಂಗಳೂ ಒಂದೇ ಜಪಮಾಲೆ: 323, 324, 504, 506, ಜೊತೆಗೆ 34. ಇಡೀ ತಾಲ್ಲೂಕು ಒಂದೇ ವಾಕ್ಯದಲ್ಲಿ ಜಗಳವಾಡುತ್ತಿದೆ ಎಂದು ನನ್ನ ಕೋಷ್ಟಕ ಸಾಬೀತುಮಾಡಿತು.

ಹೋಟೆಲಿನಲ್ಲಿ ಅದನ್ನು ತೋರಿಸಿದಾಗ, ಮೂರನೇ ಇಯತ್ತೆಗೆ ಶಾಲೆ ಬಿಟ್ಟ ಒಬ್ಬರು ಅದನ್ನು ಬಿಡಿಸಿ ಹೇಳಿದರು. ಈ ಕೇಸು ನಿಜ. ಇದು ಅದಕ್ಕೆ ಹಾಕಿದ ಕೌಂಟರ್ ಕೇಸು. ಇದು ರಾಜಿಗೆ ಬರಲೆಂದು ಹಾಕಿದ್ದು. ಇದರಲ್ಲಿ ಎರಡನೇ ಆರೋಪಿ ಆ ದಿನ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸದಲ್ಲಿದ್ದ. ಕಲಂ ನಂಬರುಗಳು ಅವರಿಗೆ ಬಾಯಿಪಾಠವಾಗಿದ್ದವು. ದೂರು ಎನ್ನುವುದು ಜಗಳದ ವರದಿಯಲ್ಲ, ಜಗಳದಲ್ಲಿ ಆಡುವ ಒಂದು ಮಾತು ಎಂದು ಆ ಬೆಂಚಿನ ಮೇಲೆ ಕಲಿತೆ. ಯಾವ ಜಗಳ ಠಾಣೆಗೆ ಹೋಗಲೇ ಇಲ್ಲ, ಯಾಕೆ ಹೋಗಲಿಲ್ಲ ಎಂಬುದು ಯಾವ ಗುಡ್ಡೆಯಲ್ಲೂ ಇರಲಿಲ್ಲ.

5. ಬೈಗುಳಕ್ಕೆ ಹೆದರಬೇಡಿ, "ರಿ"ಗೆ ಹೆದರಿ.

ಇಬ್ಬರು ಗೆಳೆಯರಿದ್ದರು, ಓರಗೆಯವರು. ನಾನು ಬಂದ ಹೊಸತರಲ್ಲಿ ಅವರು ಒಬ್ಬರನ್ನೊಬ್ಬರು ಕರೆಯುತ್ತಿದ್ದ ರೀತಿ ಕೇಳಿ ಕಿವಿ ಮುಚ್ಚಿಕೊಳ್ಳುವಂತಾಗುತ್ತಿತ್ತು. "ಲೇ" ಇಲ್ಲದೆ ಮಾತು ಶುರುವಾಗುತ್ತಿರಲಿಲ್ಲ, ಅಮ್ಮ-ಅಕ್ಕ ಬಾರದೆ ಮುಗಿಯುತ್ತಿರಲಿಲ್ಲ. "ತೀವ್ರ ಶಾಬ್ದಿಕ ಹಿಂಸೆ" ಎಂದು ಬರೆದುಕೊಂಡೆ. ಕಾಲುವೆಯ ನೀರು ತಿರುವುವ ವಿಷಯಕ್ಕೆ ಒಮ್ಮೆ ಮಾತು ಬೆಳೆಯಿತು. ಆಮೇಲೆ ನೋಡಿದರೆ ಇಬ್ಬರೂ "ಬರ್ರಿ", "ಕೂಡ್ರಿ", "ಆಯ್ತ್ರಿ" ಎನ್ನುತ್ತಿದ್ದಾರೆ. ನನ್ನ ನೋಟ್‌ಬುಕ್ಕಿನಲ್ಲಿ ಆ ದಿನದ ಸಾಲು ಹೀಗಿದೆ: "ಸಂಬಂಧ ಸುಧಾರಿಸಿದೆ. ಪರಸ್ಪರ ಗೌರವ."

ಅದನ್ನು ಮನೆಯೊಡೆಯರ ತಾಯಿಗೆ ಹೇಳಿದೆ. ಅವರು ಬೀಸುವ ಕಲ್ಲಿನ ಮೇಲೆ ಕೈ ಇಟ್ಟು ನನ್ನನ್ನೇ ನೋಡಿದರು. "ಯಪ್ಪಾ, ಬೈಯೋತನಾ ಮನಿ ಒಳಗ ಇದ್ದಂಗ. 'ರಿ' ಹಚ್ಚಿದ್ರು ಅಂದ್ರ ಮುರೀತು." ಹದಿನೈದು ದಿನಕ್ಕೆ ಆ ಎರಡು ಮನೆಯ ನಡುವೆ ಬಡಿಗೆ ಬಂದವು. ಅವತ್ತಿನಿಂದ ಸರ್ವನಾಮಗಳನ್ನೇ ಗುರುತು ಹಾಕಿಕೊಳ್ಳತೊಡಗಿದೆ. "ನೀ" ಹೋಗಿ "ನೀವು" ಆಗುತ್ತದೆ. ಎದುರಿಗಿದ್ದರೂ ಮೂರನೆಯವರ ಕಡೆ ತಿರುಗಿ "ಅವ್ರಿಗಿ ಹೇಳ್ರಿ" ಎನ್ನುತ್ತಾರೆ. ಕೊನೆಗೆ ಮನುಷ್ಯನ ಹೆಸರು ಬಿದ್ದುಹೋಗಿ "ಆ ಮಂದಿ" ಉಳಿಯುತ್ತದೆ.

ಮಡಗಾಸ್ಕರಿನ ಮೆರಿನಾ ಜನರ ಸಭೆಗಳನ್ನು ನೋಡಿದ ಮಾರಿಸ್ ಬ್ಲಾಕ್, 1975ರಲ್ಲಿ ಸಂಪಾದಿಸಿದ ಪುಸ್ತಕದಲ್ಲಿ, ಮಾತು ಶಿಷ್ಟವಾದಷ್ಟೂ ಎದುರಾಡುವ ದಾರಿ ಮುಚ್ಚುತ್ತದೆ ಎಂದು ವಾದಿಸಿದರು. "ಲೇ" ಎಂದವನಿಗೆ ತಿರುಗಿ ಏನಾದರೂ ಅನ್ನಬಹುದು. "ಆಯ್ತ್ರಿ" ಎಂದವನಿಗೆ ಏನನ್ನುವುದು? ಇನ್ನು ಹೆಸರು ಬಿದ್ದು "ಆ ಮಂದಿ" ಉಳಿಯುವುದರ ತುದಿ ಎಲ್ಲಿ ಎಂಬುದನ್ನು 1994ರ ರುವಾಂಡಾದ ನರಮೇಧದಲ್ಲಿ ಲೋಕ ಕಂಡಿದೆ. ಅಲ್ಲಿನ ಒಂದು ರೇಡಿಯೋ ತುತ್ಸಿಗಳನ್ನು ಜಿರಲೆಗಳೆಂದು ಕರೆಯುತ್ತಿತ್ತು, ನಡುವೆ ಹಾಡು, ಚಟಾಕಿ ಹಾಕುತ್ತಿತ್ತು. ಎಲ್ಲದಕ್ಕೂ ಆ ರೇಡಿಯೋ ಕಾರಣವೆಂದು ನಾನೂ ಪಾಠ ಮಾಡುತ್ತಿದ್ದೆ. ಕೊಂದವರನ್ನೇ ಜೈಲಿನಲ್ಲಿ ಮಾತಾಡಿಸಿದ ಸ್ಕಾಟ್ ಸ್ಟ್ರಾಸ್ ಹೇಳುವುದು ಬೇರೆ: ರೇಡಿಯೋಕ್ಕಿಂತ, ಬಾಗಿಲಿಗೆ ಬಂದು "ನಡಿ" ಎಂದ ಊರಿನ ಮನುಷ್ಯರ ಒತ್ತಾಯ ಹೆಚ್ಚು ಜನರನ್ನು ಎಬ್ಬಿಸಿತು. ಅಂದಿನಿಂದ ವೇದಿಕೆಯ ಭಾಷಣ ರೆಕಾರ್ಡ್ ಮಾಡುವುದನ್ನು ಕಡಿಮೆ ಮಾಡಿ, ಭಾಷಣ ಮುಗಿದ ಮೇಲೆ ಟಂಟಂನಲ್ಲಿ ಊರಿಗೆ ಮರಳುವವರ ಮಾತಿಗೆ ಕಿವಿ ಕೊಡುತ್ತೇನೆ.

6. ದೈವ ಕೂಡಿದಾಗ ಕಟ್ಟೆಯನ್ನಷ್ಟೇ ನೋಡಬೇಡಿ.

"ನಾಳಿ ದೈವ ಕೂಡ್ತದ, ಬರ್ರಿ" ಎಂದರು. ನಾನು ಯಾರಿಗೋ ಮೈಮೇಲೆ ದೇವರು ಬರುತ್ತದೆಂದು ತಿಳಿದು, ಕ್ಯಾಮೆರಾ ಚಾರ್ಜ್ ಮಾಡಿಕೊಂಡು, ತೆಂಗಿನಕಾಯಿಯನ್ನೂ ಒಯ್ದೆ. ಈ ಕಡೆ ದೈವವೆಂದರೆ ಕೂಡಿದ ಊರ ಹಿರಿಯರು. ತೆಂಗಿನಕಾಯಿಯನ್ನು ಯಾರಿಗೆ ಕೊಡುವುದೆಂದು ತಿಳಿಯದೆ ಗುಡಿಯ ಮೂಲೆಯಲ್ಲಿ ಇಟ್ಟು ಬಂದೆ.

ಕಾಲುವೆಯ ಜಗಳದ್ದೇ ಪಂಚಾಯ್ತಿ. ಎರಡು ಗಂಟೆ ಹತ್ತು ನಿಮಿಷದ ರೆಕಾರ್ಡಿಂಗ್ ನನ್ನ ಬಳಿ ಇದೆ. ಒಂದೊಂದು ಕೆಮ್ಮನ್ನೂ ಬರಹಕ್ಕೆ ಇಳಿಸಿದ್ದೇನೆ. ರಾಜಿ ಯಾವ ವಾಕ್ಯದಿಂದ ಆಯಿತೆಂದು ಮಾತ್ರ ಅದರಲ್ಲಿ ಸಿಗುವುದಿಲ್ಲ. ರೇಗಾಡುತ್ತಿದ್ದ ಮನುಷ್ಯ ಒಂದು ಹೊತ್ತಿಗೆ ಎದ್ದು ಮನೆಗೆ ಹೋಗಿ, ನೀರು ಕುಡಿದು ಬಂದು, "ಹೋಗ್ಲಿ ಬಿಡ್ರಿ" ಎಂದ. ಅಷ್ಟೇ. ನಡುವೆ ಏನಾಯಿತು? ಮೂರು ತಿಂಗಳಾದ ಮೇಲೆ ಗೊತ್ತಾಯಿತು. ಅವನ ತಂಗಿಯನ್ನು ಎದುರು ಮನೆಯ ಸೋದರಳಿಯನಿಗೆ ಕೊಟ್ಟಿದ್ದರು. ಹಿಂದಿನ ರಾತ್ರಿಯೇ ಆಕೆ ತವರಿಗೆ ಬಂದಿದ್ದಳು. ಅವನು ನೀರು ಕುಡಿಯಲು ಹೋದಾಗ ಚೆಂಬು ಕೊಟ್ಟವಳು ಆಕೆ. "ನಾ ತಿರುಗಿ ಆ ಮನಿಗೇ ಹೋಗಬೇಕಣ್ಣ" ಎಂದಿದ್ದಳಂತೆ.

ಒಂದು ಕಡೆ ಶತ್ರುವಾದವನು ಇನ್ನೊಂದು ಕಡೆ ಬೀಗನಾಗಿರುತ್ತಾನೆ, ಹಾಗಾಗಿಯೇ ಊರು ಒಡೆಯುವುದಿಲ್ಲ ಎಂದು ಗ್ಲಕ್‌ಮನ್ ಹೇಳಿದ್ದನ್ನು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ಆ ಮಾತು ನನ್ನ ಮುಂದೆಯೇ ನಡೆದಾಗ ರೆಕಾರ್ಡರನ್ನು ಕಟ್ಟೆಯ ಕಡೆ ಹಿಡಿದಿದ್ದೆ.

7. ರಾಜಿಯಾಯಿತೆಂದರೆ ನ್ಯಾಯವಾಯಿತೆಂದಲ್ಲ.

ಈ ತಂಗಿಯ ಕತೆಯನ್ನು ಒಂದು ವಿಚಾರ ಸಂಕಿರಣದಲ್ಲಿ ಓದಿದೆ. ಹಳ್ಳಿಗೆ ತನ್ನ ಜಗಳ ತಾನೇ ಬಗೆಹರಿಸಿಕೊಳ್ಳುವ ಶಕ್ತಿಯಿದೆ ಎಂದು ಭಾವುಕನಾಗಿ ಮುಗಿಸಿದೆ. ಚಪ್ಪಾಳೆ ಬಂತು. ಹೊರಗೆ ಚಹಾದ ಹೊತ್ತಿಗೆ ಅದೇ ಸೀಮೆಯ, ದಲಿತ ಕೇರಿಯ ಹುಡುಗನೊಬ್ಬ ಬಂದು ಕೇಳಿದ: "ಸರ, ಆ ಕಟ್ಟಿ ಮ್ಯಾಲ ನಮ್ಮಪ್ಪ ಎಲ್ಲಿ ಕುಂತಿದ್ದ?"

ನನ್ನ ಬಳಿ ಉತ್ತರವಿತ್ತು, ಏಕೆಂದರೆ ಕಟ್ಟೆಯ ನಕ್ಷೆ ಬರೆದಿದ್ದೆ. ಕೇರಿಯವರು ಕಟ್ಟೆಯ ಕೆಳಗೆ, ಎಡಗಡೆ ನಿಂತಿದ್ದರು. ನಕ್ಷೆಯಲ್ಲಿ ಸಣ್ಣ ಚುಕ್ಕೆಗಳಾಗಿ ಇಟ್ಟಿದ್ದೆ, ಲೇಖನದಲ್ಲಿ ಅವೂ ಇರಲಿಲ್ಲ. ಹುಡುಗ ಸಿಟ್ಟಾಗಲಿಲ್ಲ, ತನ್ನ ಲೆಕ್ಕ ಒಪ್ಪಿಸಿದ. 1989ರ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಡಲು ಹೊರಟರೆ ಮೊದಲು ಬರುವ ಮಾತೇ "ರಾಜಿ ಮಾಡ್ಕೊಳ್ಳ್ರಿ." ಕೂಲಿ ಅವರ ಹೊಲದಲ್ಲಿ, ಕಿರಾಣಿ ಅವರ ಅಂಗಡಿಯಲ್ಲಿ. ಬೀಗತನ ಇದ್ದವರಿಗೆ ಬೀಗತನ ಜಗಳ ತಡೆಯುತ್ತದೆ. ಬೀಗತನವೇ ಬೆಳೆಸದ ಕೇರಿಯ ಜೊತೆ ಏನು ತಡೆಯಬೇಕು? ಗ್ಲಕ್‌ಮನ್ ಕೂಡ ಕಲಹ ತಣಿಯುವುದನ್ನು ಚೆನ್ನಾಗಿ ವಿವರಿಸಿದರು, ತಣಿಯಬಾರದ ಕಲಹದ ಬಗ್ಗೆ ಕಡಿಮೆ ಮಾತಾಡಿದರು ಎಂಬ ಟೀಕೆ ಹಳೆಯದು. ಆ ಟೀಕೆಯನ್ನೂ ಓದಿದ್ದೆ. ಓದಿದ್ದು ತಲೆಗೆ ಹತ್ತಲು ಆ ಹುಡುಗನ ಒಂದು ಪ್ರಶ್ನೆ ಬೇಕಾಯಿತು. ಈಗ ಯಾವುದೇ ರಾಜಿ ಕಂಡರೂ, ಯಾರಿಗೆ ಊರು ಬಿಟ್ಟು ಹೋಗಲು ದಾರಿಯಿಲ್ಲವೋ ಅವರು ಏನು ಬಿಟ್ಟುಕೊಟ್ಟರು ಎಂದು ಮೊದಲು ಬರೆದುಕೊಳ್ಳುತ್ತೇನೆ.

8. ಹಳೆಯ ಗಾಯದ ಬಗ್ಗೆ "ಯಾರು ಮಾಡಿದರು" ಎಂದು ಕೇಳಬೇಡಿ.

ಸುರಪುರದ ಬಗ್ಗೆ ನನಗೆ ಗೊತ್ತಿದ್ದುದೆಲ್ಲ ಮೆಡೋಸ್ ಟೇಲರ್ ಹೇಳಿದ್ದು. 1841ರಿಂದ ಸುಮಾರು ಹನ್ನೆರಡು ವರ್ಷ ಅಲ್ಲಿ ಆಡಳಿತ ನಡೆಸಿದ, ಗುಡ್ಡದ ಮೇಲೆ ಬಂಗಲೆ ಕಟ್ಟಿಸಿದ, ಬಾಲಕ ರಾಜ ವೆಂಕಟಪ್ಪ ನಾಯಕನನ್ನು ಕಣ್ಣೆದುರು ಬೆಳೆಸಿದ ಬ್ರಿಟಿಷ್ ಅಧಿಕಾರಿ. 1858ರಲ್ಲಿ ಅದೇ ರಾಜ ಬ್ರಿಟಿಷರ ವಿರುದ್ಧ ಬಂಡೆದ್ದು, ಸೋತು, ಸೆರೆಯಾಗಿ, ಸಾಗಿಸುವ ದಾರಿಯಲ್ಲಿ ಗುಂಡು ತಗುಲಿ ತೀರಿಕೊಂಡ. ಟೇಲರ್ ಆತ್ಮಕಥೆಯಲ್ಲಿ ಇದನ್ನು ಕಣ್ಣೀರಿನ ಕತೆಯಾಗಿ ಬರೆದ. ನಾನು ಅದನ್ನು ಸುರಪುರದಲ್ಲೇ, ಅಲ್ಲಿಯವರೆದುರೇ, ತನ್ಮಯನಾಗಿ ಹೇಳಿದೆ. ಕೇಳಿದವರೊಬ್ಬರು ಅಂದದ್ದು ಇಷ್ಟೇ: "ಸಾಕಿದಾಂವ ಬರದಾನ. ಸತ್ತಾಂವ ಏನೂ ಬರದಿಲ್ಲಲ್ರಿ."

ಆ ಮಾತಿಗೆ ಬುದ್ಧಿ ಬರಬೇಕಿತ್ತು, ಬರಲಿಲ್ಲ. ಶ್ರೀನಿವಾಸ್ ರಾಂಪುರದಲ್ಲಿ ಎತ್ತು, ಹೊಲ, ನ್ಯಾಯಪಂಚಾಯ್ತಿಗಳ ಟಿಪ್ಪಣಿ ಮಾಡುತ್ತಿದ್ದ ಅದೇ 1948ರಲ್ಲಿ ಈ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ರಜಾಕಾರರ ಹಾವಳಿ, ಸೆಪ್ಟೆಂಬರಿನ ಪೊಲೀಸ್ ಆ್ಯಕ್ಷನ್, ಅದರ ಬೆನ್ನಿಗೇ ಮುಸ್ಲಿಮರ ಮೇಲೆ ನಡೆದ ಹಿಂಸೆ. ಅದನ್ನು ನೋಡಿ ಬರಲು ಹೋದ ಸುಂದರಲಾಲ್ ಸಮಿತಿಯ ವರದಿಯನ್ನು ಸರ್ಕಾರ ದಶಕಗಳ ಕಾಲ ಹೊರಗೆ ಬಿಡಲಿಲ್ಲ. ಊರಿನ ಒಬ್ಬ ಅಜ್ಜಿ ತನ್ನ ವಯಸ್ಸನ್ನು ಅದರಿಂದಲೇ ಎಣಿಸುತ್ತಿದ್ದಳು. "ಆ ಗದ್ದಲದಾಗ ನಾ ಇಷ್ಟಿದ್ದೆ" ಎಂದು ನೆಲದಿಂದ ಎರಡೂವರೆ ಅಡಿ ಎತ್ತರಕ್ಕೆ ಅಂಗೈ ಹಿಡಿದಳು. ನೆಲದಡಿಯ ಹಗೇವಿನಲ್ಲಿ ಅಡಗಿಸಿಟ್ಟದ್ದು, ಒಳಗೆ ಜೋಳದ ವಾಸನೆ, ಮೇಲೆ ಓಡಾಡುವ ಕಾಲಸಪ್ಪಳ, ಇಷ್ಟು ಹೇಳುತ್ತಾ ಬಂದಳು. ನಾನು ರೆಕಾರ್ಡರ್ ಹತ್ತಿರ ಸರಿಸಿ, "ಯಾರು ಮಾಡಿದ್ದು ಅಜ್ಜಿ? ಊರಿನವರೇನಾ?" ಎಂದೆ.

ಅಜ್ಜಿ ಎದ್ದು ಹೆಂಚಿನ ಮೇಲಿನ ರೊಟ್ಟಿ ತಿರುವಿದಳು. ಮತ್ತೆ ಆ ವಿಷಯಕ್ಕೆ ಬರಲೇ ಇಲ್ಲ. ಅವಳ ಬಾಗಿಲಿನಿಂದ ಕಾಣುತ್ತಿದ್ದ ಮನೆಗಳವರೆಲ್ಲ ಆ ಹೆಸರುಗಳ ಮಕ್ಕಳು, ಮೊಮ್ಮಕ್ಕಳು. ಅರವತ್ತು ವರ್ಷ ಅವರ ಮನೆಯ ಮಜ್ಜಿಗೆ ಕುಡಿದವಳು, ನನ್ನ ಪ್ರಬಂಧಕ್ಕಾಗಿ ಹೆಸರು ಹೇಳಬೇಕಿತ್ತೇ? ನೆನಪಿಲ್ಲದೆ ಸುಮ್ಮನಾಗುವುದು ಬೇರೆ, ನೆನಪಿದ್ದೂ ಸುಮ್ಮನಿರುವುದು ಬೇರೆ. ಎರಡನೆಯದು ಕೆಲಸ; ಅಜ್ಜಿ ಅದನ್ನು ದಿನವೂ ಮಾಡುತ್ತಿದ್ದಳು.

9. ಜಗಳ ಮುಗಿಯುವ ದಿನ ಯಾರೂ ಫೋನ್ ಮಾಡುವುದಿಲ್ಲ.

ಇಂದಿನ ಜಾಂಬಿಯಾದ ಎಂಡೆಂಬು ಹಳ್ಳಿಗಳನ್ನು ನೋಡಿದ ವಿಕ್ಟರ್ ಟರ್ನರ್ 1957ರಲ್ಲಿ ಜಗಳಕ್ಕೆ ನಾಟಕದ ಹಾಗೆ ನಾಲ್ಕು ಅಂಕ ಹೇಳಿದರು: ಬಿರುಕು, ಬಿಕ್ಕಟ್ಟು, ಪರಿಹಾರದ ಯತ್ನ, ಕೊನೆಗೆ ಕೂಡುವುದು ಇಲ್ಲವೇ ಒಡೆಯುವುದು. ಆ ಇಬ್ಬರು ಗೆಳೆಯರ ವಿಷಯದಲ್ಲಿ ನಾಲ್ಕನೇ ಅಂಕಕ್ಕೆ ಕಾದು ಕಾದು, "ಒಡೆಯಿತು" ಎಂದು ಬರೆದು ಅಧ್ಯಾಯ ಮುಗಿಸಿದೆ. ಕಟ್ಟೆಯ ಮೇಲೆ ರಾಜಿಯಾಗಿದ್ದರೂ ಅವರು ಮಾತು ಬಿಟ್ಟಿದ್ದರು.

ಆ ಡಿಸೆಂಬರಿನಲ್ಲಿ ಮೊಹರಂ ಬಂತು. ಈ ಕಡೆ ಮೊಹರಂ ಎಲ್ಲ ಜಾತಿಯವರ ಹಬ್ಬ. ಬೆಂಕಿ ಹೊತ್ತಿಸಿದ ಅಲಾಯಿ ಕುಣಿಯ ಸುತ್ತ ರಿವಾಯತ್ ಪದ ಹಾಡುತ್ತಾ ಹೆಜ್ಜೆ ಹಾಕುವ ಸಾಲಿನಲ್ಲಿ ಅವರಿಬ್ಬರೂ ಇದ್ದರು, ನಡುವೆ ನಾಲ್ಕು ಜನ ಬಿಟ್ಟು. ರಾತ್ರಿ ಸರಿದಂತೆ ಸಾಲು ಸುತ್ತಿ ಸುತ್ತಿ, ಆ ನಾಲ್ವರು ದಣಿದು ಒಬ್ಬೊಬ್ಬರಾಗಿ ಹೊರಬಂದರು. ಬೆಳಗಿನ ಜಾವಕ್ಕೆ ಇಬ್ಬರೂ ಪಕ್ಕಪಕ್ಕ. ಯಾರೂ ಯಾರನ್ನೂ ಅಪ್ಪಿಕೊಳ್ಳಲಿಲ್ಲ. ಒಬ್ಬನ ಹೆಜ್ಜೆ ತಪ್ಪಿತು. ಇನ್ನೊಬ್ಬ "ಲೇ, ನೆಟ್ಟಗ ಹಾಕಲೇ" ಎಂದ.

ನಾನು ಕಂಬಕ್ಕೆ ಒರಗಿ ಕೂತಲ್ಲೇ ನಿದ್ದೆ ಹೋಗಿದ್ದೆ. ಇದನ್ನು ಮರುದಿನ ಹೋಟೆಲಿನವರು ಹೇಳಿದ್ದು.

10. "ನ್ಯಾಯ ಹೇಳ್ರಿ" ಎಂದಾಗ ಬಾಯಿ ಮುಚ್ಚಿಕೊಂಡಿರಿ.

ಎಲ್ಲಕ್ಕಿಂತ ದೊಡ್ಡ ತಪ್ಪನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಎರಡನೇ ವರ್ಷಕ್ಕೆ ಊರಿನಲ್ಲಿ ನನಗೆ ಸ್ವಲ್ಪ ಮರ್ಯಾದೆ ಬಂದಿತ್ತು. ದಾಯಾದಿಗಳಾದ ಇಬ್ಬರು ಅಣ್ಣತಮ್ಮಂದಿರ ನಡುವೆ ಬದುವಿನ ತಕರಾರಿತ್ತು, ಇಪ್ಪತ್ತು ವರ್ಷಕ್ಕೂ ಹಳೆಯದು. ಪ್ರತಿ ಬಿತ್ತನೆಗೂ ಒಮ್ಮೆ ಕೂಗಾಟ, ದೈವ ಕೂಡುವುದು, ಇಷ್ಟು ಅಲ್ಲಿ ಇಷ್ಟು ಇಲ್ಲಿ ಎಂದು ಹೇಳಿ ಏಳುವುದು, ಮುಂದಿನ ವರ್ಷ ಮತ್ತೆ ಅದೇ. ಆ ಸಲ ಒಬ್ಬರು ನನ್ನ ಕಡೆ ತಿರುಗಿ, "ಓದಿದೋರು ಅದೀರಿ, ನೀವ ಒಂದು ನ್ಯಾಯ ಹೇಳ್ರಿ" ಎಂದರು.

ಹೇಳಿಯೇಬಿಟ್ಟೆ. ಹದ್ದುಬಸ್ತಿಗೆ ಅರ್ಜಿ ಹಾಕಿ, ಸರ್ವೆಯವರು ಬಂದು ಅಳೆಯಲಿ, ಕಲ್ಲು ನೆಡಿ, ಒಂದೇ ದಿನಕ್ಕೆ ಮುಗಿಯುತ್ತದೆ ಎಂದು ಹತ್ತು ನಿಮಿಷ ಮಾತಾಡಿದೆ. ಹಿರಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಬಿಳಿ ರುಮಾಲಿನವರು ಎಲೆಯಡಿಕೆ ಚೀಲ ಬಿಚ್ಚುತ್ತಾ ತಲೆ ತಗ್ಗಿಸಿದರು. ಯಾರೂ ಬೇಡ ಎನ್ನಲಿಲ್ಲ. ಓದಿದವನ ಮಾತು.

ಸರ್ವೆಯವರು ಬಂದರು, ಅಳೆದರು. ಅಳತೆಯಲ್ಲಿ ಏನೂ ತಪ್ಪಿರಲಿಲ್ಲ. ಕಲ್ಲು ನೆಟ್ಟಾಗ ಅವರಿಬ್ಬರ ಅಜ್ಜನ ಸಮಾಧಿ ತಮ್ಮನ ಹೊಲಕ್ಕೆ ಬಿತ್ತು. ಅಲ್ಲಿಯವರೆಗೆ ಅದು ಬದುವಿನ ಮೇಲೆ ಎಲ್ಲೋ ಇತ್ತು, ಇಬ್ಬರದೂ ಆಗಿತ್ತು. ಪ್ರತಿ ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಎರಡೂ ಮನೆಯವರು ಬಂಡಿ ಕಟ್ಟಿಕೊಂಡು ಬಂದು, ಅಲ್ಲಿ ಪೂಜೆ ಮಾಡಿ, ಹೊಲಕ್ಕೆ ಚರಗ ಚೆಲ್ಲಿ, ಒಂದೇ ಪಂಕ್ತಿಯಲ್ಲಿ ಕೂತು ಬಜ್ಜಿ, ಸಜ್ಜಿರೊಟ್ಟಿ, ಕಡಬು ಉಣ್ಣುತ್ತಿದ್ದರು. ಕೂಗಾಟ ಬಿತ್ತನೆಯ ಹೊತ್ತಿಗಷ್ಟೇ ಇರುತ್ತಿತ್ತು.

"ಇಪ್ಪತ್ತು ವರ್ಷ ಯಾಕ ಅಳಿಸಿದ್ದಿಲ್ಲ ಅಂತ ಕೇಳಲೇ ಇಲ್ಲಲ್ರಿ ನೀವು" ಎಂದರು ಬಿಳಿ ರುಮಾಲಿನವರು, ಆಮೇಲೆ, ಹೋಟೆಲಿನಲ್ಲಿ. "ಅಳೀಲಿಲ್ಲಂತ ಉಳದಿತ್ತು." ಸಿಟ್ಟಿನಿಂದ ಹೇಳಲಿಲ್ಲ. ನನ್ನ ಚಹಾದ ದುಡ್ಡನ್ನೂ ಅವರೇ ಕೊಟ್ಟರು. ಏಳುವಾಗ ಇನ್ನೊಂದು ಮಾತು ಸೇರಿಸಿದರು: "ನೀವು ನಾಳಿ ಹೋಗೋರು. ಮಾತು ಇಲ್ಲೇ ಇರ್ತದ."

ಮುಂದಿನ ಎಳ್ಳಮಾಸಿಗೆ ನಾನೂ ಹೊಲಕ್ಕೆ ಹೋದೆ. ಅಣ್ಣನ ಮನೆಯವರು ಕಲ್ಲಿನ ಈಚೆ ಬಂಡಿ ಬಿಚ್ಚಿದ್ದರು, ತಮ್ಮನ ಮನೆಯವರು ಆಚೆ. ಹೊಲದ ತುಂಬ ಬಿಳಿಜೋಳ ಎದೆಯೆತ್ತರ ನಿಂತಿತ್ತು. ಸಮಾಧಿಗೆ ಪೂಜೆ ಮುಗಿಸಿ ತಮ್ಮ ಎದ್ದು ನಿಂತ. ಕಲ್ಲಿನ ಹತ್ತಿರ ಬಂದು, ಅದನ್ನು ದಾಟದೆ, ಅಣ್ಣನ ಕಡೆ ನೋಡಿ ಕರೆದ.

"ಬರ್ರಿ" ಎಂದ. "ಪೂಜಿ ಮಾಡ್ರಿ, ಬರ್ರಿ."